ಎತ್ತಿ ಕುಡಿದ ಲೋಟ

ನಮ್ಮತ್ತೆ ಉಡುಪಿಯವರು. ಅವರು ಲೋಟಕ್ಕೆ ತುಟಿ ತಾಗಿಸಿ ಕುಡಿದದ್ದನ್ನು ನಾನು ನೋಡಿಯೇ ಇರಲಿಲ್ಲ. ನೀರಿರಲಿ, ಬಿಸಿ ಕಾಫಿಯಿರಲಿ, ಲೋಟವನ್ನು ಒಂದು ಗೇಣು ಮೇಲೆತ್ತಿ ಸೀದಾ ಬಾಯಿಗೆ ಸುರಿದುಕೊಳ್ಳುತ್ತಿದ್ದರು. ಒಂದು ಹನಿ ಸೆರಗಿಗೆ ಬೀಳುತ್ತಿರಲಿಲ್ಲ. ಮೈಸೂರಿನಿಂದ ಮುಂಬೈ ಹೊರವಲಯದ ಠಾಕುರ್ಲಿಯ ಈ ಪುಟ್ಟ ಫ್ಲ್ಯಾಟಿಗೆ ಸೊಸೆಯಾಗಿ ಬಂದ ನಾನು ಕಚ್ಚಿ ಕುಡಿಯುವವಳು. "ಇದೇನತ್ತೆ, ಸರ್ಕಸ್ಸಾ?" ಎಂದು ರೇಗಿಸುತ್ತಿದ್ದೆ.

"ಎಂಜಲು ಅಂದ್ರೆ ಎಂಜಲೇ ಮಾರಾಯ್ತಿ. ಅದರಲ್ಲಿ ನಗುವುದು ಎಂತದ್ದು?"

ಹೋದ ಮಳೆಗಾಲದಲ್ಲಿ ನನಗೆ ಫ್ಲೂ ಬಂತು. ಘಣಸೋಲಿಯ ನಮ್ಮ ಆಫೀಸಿನಲ್ಲಿ ಅರ್ಧ ಜನ ಕೆಮ್ಮುತ್ತಿದ್ದರು. ಲೋಕಲ್ ಟ್ರೈನಿನಲ್ಲಂತೂ ಒಬ್ಬರ ಉಸಿರು ಇನ್ನೊಬ್ಬರ ಕುತ್ತಿಗೆಗೆ. ಬೆಳಿಗ್ಗೆ ನೆಟ್ಟಗಿದ್ದವಳು ಸಂಜೆ ಮನೆ ಸೇರುವಷ್ಟರಲ್ಲಿ ಗಡಗಡ ನಡುಗುತ್ತಿದ್ದೆ. ನೆಗಡಿಯಾದರೆ ಮೆಲ್ಲಗೆ ಬರುತ್ತದೆ, ಇದು ಒಂದೇ ಏಟಿಗೆ ಬೀಳಿಸಿತು. ಸುಡುವ ಜ್ವರ, ಒಣ ಕೆಮ್ಮು, ಕೀಲುಕೀಲಿನಲ್ಲೂ ನೋವು.

ಅತ್ತೆ ಕೂಡಲೇ ನನ್ನ ತಟ್ಟೆ ಬೇರೆ ಮಾಡಿದರು, ಲೋಟ ಬೇರೆ ಮಾಡಿದರು, ಅವನ್ನು ತೊಳೆಯುವ ಜಾಗವನ್ನೂ ಬೇರೆ ಮಾಡಿದರು. ಅಷ್ಟೆಲ್ಲ ಮಾಡಿ, ಎರಚಲು ಬರುತ್ತದೆಂದು ಕಿಟಕಿ ಮುಚ್ಚಿ, ನನ್ನ ಪಕ್ಕದಲ್ಲೇ ಕೂತು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒದ್ದೆ ಬಟ್ಟೆ ಹಾಕತೊಡಗಿದರು.

"ಹತ್ರ ಬರ್ಬೇಡಿ ಅತ್ತೆ, ನಿಮಗೆ ಮೊದಲೇ ದಮ್ಮಿದೆ" ಎಂದೆ.

"ಲೋಟ ಬೇರೆ ಮಾಡಿದ್ದೇನಲ್ಲ, ನಂಗೆ ಎಂತ ಆಗ್ತದೆ?"

ಎಂಜಲಿಗೆ ಅಷ್ಟು ಹೆದರುವವರು ಕೆಮ್ಮಿಗೆ ಹೆದರಲೇ ಇಲ್ಲ. ನಾನೂ ಎರಡನೇ ಸಲ ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ ಆ ತೊಡೆ ನನಗೆ ಬೇಕಾಗಿತ್ತು. ಅಮ್ಮ ಹೋದ ಮೇಲೆ ಯಾರೂ ನನ್ನ ತಲೆಯನ್ನು ಹಾಗೆ ಹಿಡಿದಿರಲಿಲ್ಲ.

ನಾಲ್ಕನೆಯ ದಿನ ನನ್ನ ಜ್ವರ ಬಿಟ್ಟಿತು. ಅವತ್ತೇ ಅವರಿಗೆ ಏರಿತು. ಎಪ್ಪತ್ತೆರಡರ ಜೀವ. ತಡಮಾಡದೆ ರಿಕ್ಷಾದಲ್ಲಿ ಕೂರಿಸಿಕೊಂಡು ಹೋದೆ. ಈ ವಯಸ್ಸಿಗೆ, ಈ ದಮ್ಮಿಗೆ, ಎರಡು ದಿನದೊಳಗೆ ಫ್ಲೂ ಮಾತ್ರೆ ಶುರುವಾಗಬೇಕು, ಕರೆತಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಉಸಿರಾಡಲು ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಸೇರಿಸಿ ಎಂದರು. ಇದು ಹೆಚ್ಚಾಗಿ ಹರಡುವುದು ಹತ್ತಿರ ಕೂತವರ ಕೆಮ್ಮಿನಿಂದ ಎಂದಾಗ ಅತ್ತೆ ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ.

ಮನೆಗೆ ಬಂದು ಕಿಟಕಿ ತೆರೆದೆ. ಮಾಸ್ಕ್ ಹಾಕಿಕೊಂಡು ಅವರ ಎದೆ ಏರಿಳಿಯುವುದನ್ನೇ ನೋಡುತ್ತ ಕೂತೆ. ಮರುದಿನ ಗಂಜಿತಿಳಿ ಕೊಟ್ಟಾಗ ಅಭ್ಯಾಸದಂತೆ ಲೋಟ ಎತ್ತಲು ಹೋದರು. ಕೈ ನಡುಗಿತು. ಕೆಳಗಿಳಿಸಿ, ತುಟಿ ತಾಗಿಸಿ, ಮಗುವಿನ ಹಾಗೆ ಗುಟುಕು ಗುಟುಕಾಗಿ ಕುಡಿದರು. ನನ್ನಿಂದಲೇ ಇವರಿಗೆ ಏನಾದರೂ ಆದರೆ ಎಂಬ ಭಯ ಅಲ್ಲಿಂದ ಬಿಡಲೇ ಇಲ್ಲ.

ಜ್ವರ ಐದು ದಿನಕ್ಕೆ ಇಳಿಯಿತು. ಕೆಮ್ಮು, ಸುಸ್ತು ಮಾತ್ರ ಹೋಗಲೊಲ್ಲವು. ವಾರಗಳೇ ಹಿಡಿಯುತ್ತವೆ, ಗಾಬರಿ ಬೇಡ ಎಂದಿದ್ದರು ಡಾಕ್ಟರು. ಅತ್ತೆ ಕಚ್ಚಿಯೇ ಕುಡಿಯುತ್ತಿದ್ದರು. ರೇಗಿಸಲು ನನಗೆ ಬಾಯಿ ಬರಲಿಲ್ಲ.

ಮೂರನೆಯ ವಾರದ ಒಂದು ಬೆಳಿಗ್ಗೆ, ಅವರಿಗೆ ಕಾಫಿ ಕೊಟ್ಟು ಆಫೀಸಿಗೆ ಹೊರಟಿದ್ದೆ. ಅತ್ತೆ ಲೋಟ ಎತ್ತಿದರು. ಒಂದು ಗೇಣು ಮೇಲಕ್ಕೆ. ಕಾಫಿ ಸೀದಾ ಬಾಯಿಗಿಳಿಯಿತು, ಒಂದೇ ಒಂದು ಹನಿ ಸೆರಗಿಗೆ ಬಿತ್ತು.

"ಎಂತ ನೋಡ್ತಾ ನಿಂತದ್ದು? ಟ್ರೈನ್ ತಪ್ತದೆ, ಹೋಗು."

ಬ್ಯಾಗು ಕೆಳಗಿಟ್ಟು, ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.