ಹುಸೇನ್‌ಬಿ ಆಯಾಳ ಕೊರಳಿನ ಹಲಗೆ

ಮೊನ್ನೆ ಮಸ್ಕಿಯ ಬಟ್ಟೆ ಅಂಗಡಿಯೊಂದರಲ್ಲಿ ಮಕ್ಕಳ ಟೈಗಳನ್ನು ತೂಗುಹಾಕಿದ್ದರು. ಕಟ್ಟಿಕೊಳ್ಳುವ ಟೈ ಅಲ್ಲ, ಗಂಟು ಮೊದಲೇ ಹಾಕಿ ಹಿಂದೆ ಎಲಾಸ್ಟಿಕ್ ಹೊಲಿದದ್ದು. ಎಳೆದು ಬಿಟ್ಟರೆ ಗಂಟಲಿಗೆ ಚಟ್ಟನೆ ಬಡಿಯುತ್ತದೆ. ನಲವತ್ತು ದಾಟಿದ ಶಾಲಾ ಶಿಕ್ಷಕಿಯಾದ ನಾನು ನಿಂತು ಟೈ ಎಳೆದೆಳೆದು ಬಿಡುವುದನ್ನು ಕಂಡ ಅಂಗಡಿಯವನು, "ಎಷ್ಟನೇ ಕ್ಲಾಸಿಗ್ರೀ ಮೇಡಂ?" ಎಂದ. "ಯುಕೆಜಿ," ಎಂದೆ. ಯಾರಿಗೆ ಎಂದು ಅವನು ಕೇಳಲಿಲ್ಲ, ಪುಣ್ಯ.

ನಾನು ಯುಕೆಜಿ ಓದಿದ್ದು ಸಿಂಧನೂರಿನಲ್ಲಿ, ಎಂಬತ್ತರ ದಶಕದಲ್ಲಿ. ಕಾಲುವೆ ನೀರು ಬಂದು ಊರಿನ ಸುತ್ತ ಭತ್ತ ಹಸಿರಾಗಿದ್ದ ಕಾಲ. ಗೊಬ್ಬರದ ಅಂಗಡಿ ಇಟ್ಟಿದ್ದ ನಮ್ಮಪ್ಪನಿಗೆ ಮಗಳು ಇಂಗ್ಲಿಷ್ ಕಲಿಯಬೇಕೆಂಬ ಆಸೆ. ರೈಸ್ ಮಿಲ್ಲಿನ ಪಕ್ಕದ ಹಳೆಯ ಗೋದಾಮಿಗೆ ಸುಣ್ಣ ಬಳಿದು, ಸಿಕಂದರಾಬಾದಿನಿಂದ ಬಂದ ಗ್ರೇಸ್ ಮಿಸ್ ಎಂಬವರು ಶಾಲೆ ತೆರೆದಿದ್ದರು. ತಾವು ಓದಿದ್ದ ಬ್ರಿಟಿಷರ ಕಾಲದ ಶಾಲೆ ಹೇಗಿತ್ತೋ ಇದೂ ಹಾಗೆಯೇ ಇರಬೇಕೆಂಬುದು ಅವರ ಹಟ. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಉಗುರು ಮತ್ತು ಕರ್ಚೀಫಿನ ತಪಾಸಣೆ, ನಂತರ ಕೈ ಆಡಿಸುತ್ತ ಹೇಳುವ ಇಂಗ್ಲಿಷ್ ಪದ್ಯಗಳು, ಬಣ್ಣ, ಲೆಕ್ಕ ಎಣಿಸುವ ಮಣಿಚೌಕಟ್ಟು, ಚಿತ್ರಪುಸ್ತಕ. ಪುಸ್ತಕದ ತುಂಬ ಹಿಮ. ಹಿಮದ ಗೊಂಬೆಗೆ ಮಫ್ಲರ್ ಸುತ್ತಿದ ಮಕ್ಕಳ ಚಿತ್ರಕ್ಕೆ ನಾವು ಸಿಂಧನೂರಿನ ಬಿಸಿಲಲ್ಲಿ ಬೆವರು ಸುರಿಸುತ್ತ ಬಣ್ಣ ತುಂಬುತ್ತಿದ್ದೆವು. ಹಿಮ ಎಂದರೆ ಐಸ್ ಕ್ಯಾಂಡಿ ಮಾರುವವನ ಡಬ್ಬಿಯ ಒಳಗಡೆ ಇರುವಂಥದ್ದು ಎಂದು ನನಗೆ ನಾನೇ ಅರ್ಥ ಮಾಡಿಕೊಂಡಿದ್ದೆ. ಮಧ್ಯಾಹ್ನ ಊಟಕ್ಕೆ ಚಮಚ ಕಡ್ಡಾಯ. ಜೋಳದ ರೊಟ್ಟಿಯನ್ನು ಚಮಚದಿಂದ ತಿನ್ನುವ ವಿದ್ಯೆ ನನಗೆ ಇವತ್ತಿಗೂ ಬರುತ್ತದೆ. ಎಲ್ಲೂ ಉಪಯೋಗಕ್ಕೆ ಬಂದಿಲ್ಲ.

ಶಾಲೆಯಲ್ಲಿ ಕನ್ನಡ ಮಾತಾಡುವಂತಿರಲಿಲ್ಲ. ಆಡಿದವರ ಕೊರಳಿಗೆ, 'ನಾನು ಕನ್ನಡದಲ್ಲಿ ಮಾತಾಡಿದೆ' ಎಂದು ಇಂಗ್ಲಿಷಿನಲ್ಲಿ ಬರೆದ ಪುಟ್ಟ ಹಲಗೆಯೊಂದು ಬೀಳುತ್ತಿತ್ತು. ಕನ್ನಡ ಆಡುವ ಇನ್ನೊಬ್ಬರನ್ನು ಹಿಡಿದುಕೊಟ್ಟರೆ ಮಾತ್ರ ಅದು ಅವರ ಕೊರಳಿಗೆ ಹೋಗುತ್ತಿತ್ತು. ಸಂಜೆ ಗಂಟೆ ಹೊಡೆಯುವಾಗ ಯಾರ ಬಳಿ ಉಳಿಯಿತೋ ಅವರು ಮರುದಿನ ಪ್ರಾರ್ಥನೆಗೆ ಎಲ್ಲರೆದುರು ನಿಲ್ಲಬೇಕು.

ಒಂದು ದಿನ ಹಲಗೆ ನನ್ನ ಕೊರಳಿಗೆ ಬಿತ್ತು. ಎಲ್ಲರೂ ತುಟಿ ಹೊಲಿದುಕೊಂಡಂತೆ ಕೂತಿದ್ದರು. ಗಂಟೆ ಹೊಡೆಯುವ ಹೊತ್ತು ಹತ್ತಿರವಾಗುತ್ತಿತ್ತು. ಆಗ ಮೂಲೆಯ ಹರವಿಯಿಂದ ನಮಗೆ ನೀರು ಕೊಡುತ್ತಿದ್ದ ಹುಸೇನ್‌ಬಿ ಆಯಾ, "ಸಾವಕಾಶ ಕುಡೀರೇ, ಅಂಗಿ ತೋಯ್ತಾವ," ಎಂದಳು. ನಾನು ಕೈ ಎತ್ತಿ, "ಮಿಸ್, ಆಯಾ ಕನ್ನಡ!" ಎಂದೆ.

ಕ್ಲಾಸು ನಕ್ಕಿತು. ಗ್ರೇಸ್ ಮಿಸ್ ಬೇಡ ಅನ್ನುತ್ತಾರೆ ಅಂದುಕೊಂಡೆ. ಆದರೆ ನಿಯಮ ಎಲ್ಲರಿಗೂ ಒಂದೇ ಎಂದು ಇಂಗ್ಲಿಷಿನಲ್ಲಿ ಹೇಳಿ ಹಲಗೆಯ ಕಡೆ ಬೆರಳು ತೋರಿಸಿದರು. ಹುಸೇನ್‌ಬಿ ಎತ್ತರದ ಹೆಂಗಸು. ನನ್ನ ಕೈಗೆ ಎಟುಕಲಿ ಎಂದು ತಾನೇ ಬಗ್ಗಿದಳು. ದಾರ ಹಾಕಿಸಿಕೊಂಡ ಮೇಲೆ ಮೆಲ್ಲಗೆ ಕೇಳಿದಳು, "ಇದರಾಗ ಏನ್ ಬರದಾರ ಬೇಟಿ?"

"ನಾ ಕನ್ನಡ ಮಾತಾಡೀನಿ ಅಂತ."

"ಹೌದಲ್ಲ, ಖರೇನ ಬರದಾರ," ಎಂದಳು.

ಅರ್ಥ ಹೇಳುವಾಗ ನಾನೂ ಕನ್ನಡದಲ್ಲೇ ಹೇಳಿದ್ದೆ. ನನ್ನನ್ನು ಯಾರೂ ಹಿಡಿಯಲಿಲ್ಲ.

ಮರುದಿನ ಪ್ರಾರ್ಥನೆಗೆ ಎಲ್ಲರೆದುರು ನಿಂತ ಹುಸೇನ್‌ಬಿ ಅಂದಿನಿಂದ ಬಾಯಿ ಬಿಡಲಿಲ್ಲ. ಇಂಗ್ಲಿಷ್ ಬರದು, ಕನ್ನಡ ಆಡುವಂತಿಲ್ಲ, ಇನ್ನೊಬ್ಬರನ್ನು ಹಿಡಿದುಕೊಡಲು ಮನಸ್ಸಿಲ್ಲ. ಹಲಗೆ ಹಾಕಿಕೊಂಡೇ ಕಸ ಗುಡಿಸಿದಳು, ಮಕ್ಕಳ ಮೂಗು ಒರೆಸಿದಳು, ಎಲ್ಲಕ್ಕೂ ಕೈಸನ್ನೆ. ನಾನು ಮನೆಯಲ್ಲಿ ಇದನ್ನು ದೊಡ್ಡ ತಮಾಷೆಯಂತೆ ಹೇಳಿದೆ. ಅವ್ವ ನಗಲಿಲ್ಲ. "ಆಕೀಗೆ ಕೆಲಸ ಹೋದೀತಂತ ಅಂಜಿಕಿ ಇರ್ತದ. ನಿನಗ ಒಂದಿನ ನಿಲ್ಲಾಕ ಆಗಲಿಲ್ಲೇನ?" ಎಂದಳು. ಆದರೂ ಹೋಗಿ ಹಲಗೆ ವಾಪಸ್ ಕೇಳುವ ಧೈರ್ಯ ಬರಲಿಲ್ಲ. ಐದು ವರ್ಷದವಳಾದರೇನು, ಹೇಡಿತನ ಪೂರ್ತಿ ಬೆಳೆದಿತ್ತು.

ನಮ್ಮ ಕ್ಲಾಸಿನಲ್ಲಿ ಗೊರೇಬಾಳದಿಂದ ಬರುತ್ತಿದ್ದ ಪದ್ಮಾ ಎಂಬ ಹುಡುಗಿ ಇದ್ದಳು. ಶಾಲೆಗೆ ಸೇರಿ ತಿಂಗಳುಗಳಾದರೂ ಕ್ಲಾಸಿನಲ್ಲಿ ಒಂದು ಮಾತೂ ಆಡಿರಲಿಲ್ಲ. ಹೊರಗೆ ಹೋಗಬೇಕಾದರೂ ಇಂಗ್ಲಿಷಿನಲ್ಲಿ ಕೇಳಬೇಕಲ್ಲ, ಅದಕ್ಕೇ ಎರಡು ಸಲ ಕೂತಲ್ಲೇ ಒದ್ದೆ ಮಾಡಿಕೊಂಡಿದ್ದಳು. ಹುಸೇನ್‌ಬಿ ಮೂಕಿಯಾಗಿ ಒಂದು ವಾರವಾಗಿದ್ದಾಗ, ಒಂದು ಬೆಳಿಗ್ಗೆ ಈ ಪದ್ಮಾ ಇದ್ದಕ್ಕಿದ್ದಂತೆ ಕಿರುಚತೊಡಗಿದಳು. ತಲೆ ಹಿಡಿದುಕೊಂಡು ನೆಲಕ್ಕೆ ಬಿದ್ದು ಹೊರಳಿದಳು. ಗ್ರೇಸ್ ಮಿಸ್ ಓಡಿಬಂದು ಇಂಗ್ಲಿಷಿನಲ್ಲಿ ಕೇಳಿದರು, ಗದರಿದರು, ರಮಿಸಿದರು. ಅವಳ ಕಿರುಚಾಟ ಹೆಚ್ಚಾಯಿತು. ಮಿಸ್ ಮುಖ ಬಿಳಿಚಿಕೊಂಡಿತ್ತು. ದೊಡ್ಡವರೂ ಹೆದರುತ್ತಾರೆಂದು ನನಗೆ ಮೊದಲ ಸಲ ತಿಳಿದದ್ದು ಅವತ್ತು.

ಬಾಗಿಲಲ್ಲಿ ಹುಸೇನ್‌ಬಿ ನಿಂತಿದ್ದಳು. ಒಮ್ಮೆ ಮಿಸ್ ಕಡೆ ನೋಡಿದಳು, ಒಮ್ಮೆ ಕೂಸಿನ ಕಡೆ. ಆಮೇಲೆ ಕಸಬರಿಗೆ ಬಿಸಾಡಿ ಬಂದು ಪದ್ಮಾಳನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಏನಾತವ್ವಾ? ಎಲ್ಲಿ ನೋಯಾಕತ್ತೈತಿ? ನನ್ನ ಮುಂದ ಹೇಳು."

"ಕಿವ್ಯಾಗ ಹುಳ ಹೊಕ್ಕೈತಿ ಆಯಾ! ಒಳಗ ಹರದಾಡಾಕತ್ತೈತಿ!"

ಪದ್ಮಾ ಆ ಕ್ಲಾಸಿನಲ್ಲಿ ಆಡಿದ ಮೊದಲ ಮಾತು ಅದು. ಭತ್ತದ ಸೀಮೆಯಲ್ಲಿ ಹುಳಕ್ಕೇನು ಬರ. ಹುಸೇನ್‌ಬಿ ಅವಳ ತಲೆಯನ್ನು ಒಂದು ಮಗ್ಗುಲಿಗೆ ಹೊರಳಿಸಿ ಹಿಡಿದು, "ಯಾರರ ಮಿಲ್ಲಿಗೆ ಓಡ್ರಿ, ಒಂದೀಟು ಕೊಬ್ಬರಿ ಎಣ್ಣಿ ತರ್ರಿ!" ಎಂದು ಕೂಗಿದಳು. ಓಡಿದ್ದು ಗ್ರೇಸ್ ಮಿಸ್. ಸೀರೆ ಎತ್ತಿ ಹಿಡಿದು, ಭತ್ತದ ಹೊಟ್ಟಿನ ಗುಡ್ಡೆ ದಾಟಿ ಓಡಿದರು. ನಾಲ್ಕು ಹನಿ ಎಣ್ಣೆ ಬಿದ್ದು ಸ್ವಲ್ಪ ಹೊತ್ತಿಗೆ, ಅಕ್ಕಿಕಾಳಿನಷ್ಟು ಚಿಕ್ಕ ಹುಳವೊಂದು ತೇಲಿ ಬಂತು. ಪದ್ಮಾ ಬಿಕ್ಕುತ್ತಲೇ ಅದನ್ನು ನೋಡಿ, "ಇಷ್ಟ ಐತಿ?" ಎಂದಳು.

ಗ್ರೇಸ್ ಮಿಸ್ ನೆಲದ ಮೇಲೆ ಕೂತುಬಿಟ್ಟರು. ಅವರು ನೆಲಕ್ಕೆ ಕೂತದ್ದನ್ನು ನಾವು ಕಂಡಿರಲಿಲ್ಲ. ಹುಸೇನ್‌ಬಿಯ ಕೊರಳಿನ ಹಲಗೆಯನ್ನು ತಾವೇ ತೆಗೆದರು. "ಆಯಾ, ಕಿವಿ... ಕಿವ್ಯಾಗ ಅಂದರೆ?" ಎಂದು ಹರಕು ಕನ್ನಡದಲ್ಲಿ ಕೇಳಿದರು.

"ಕಿವಿ ಒಳಗ್ರೀ ಮಿಸ್."

"ಇಯರ್," ಎಂದರು ಮಿಸ್, ತಮ್ಮ ಕಿವಿ ಮುಟ್ಟಿಕೊಂಡು. "ನೀವು ನನಗೆ ಹೇಳಿ. ನಾನು ನಿಮಗೆ ಹೇಳ್ತೀನಿ."

"ಇಯರ್," ಎಂದಳು ಹುಸೇನ್‌ಬಿ. ಅವಳ ತೊಡೆಯ ಮೇಲಿದ್ದ ಪದ್ಮಾಳೂ ಅಂದಳು. ಮೊದಲ ಇಂಗ್ಲಿಷ್ ಪದ, ಅದೂ ಎಣ್ಣೆ ಸುರಿಯುವ ಕಿವಿ ಹಿಡಿದುಕೊಂಡು.

ಅಂದಿನಿಂದ ಹಲಗೆ ನೀರಿನ ಹರವಿಗೆ ಮುಚ್ಚಳವಾಯಿತು. ಹುಸೇನ್‌ಬಿಗೆ ಕ್ಲಾಸಿನೊಳಗೆ ಒಂದು ಚಾಪೆ ಬಂತು. ಮಿಸ್ ಇಂಗ್ಲಿಷಿನಲ್ಲಿ ಹೇಳಿದ ಕಥೆಯನ್ನು ಅವಳು ನಮ್ಮ ಮಾತಿನಲ್ಲಿ ಹೇಳುವಳು, ಮಿಸ್ ಮತ್ತೆ ಇಂಗ್ಲಿಷಿನಲ್ಲಿ. ಹಿಮದ ಗೊಂಬೆ ಅವಳ ಬಾಯಲ್ಲಿ 'ಥಂಡ್ಯಾಗ ನಿಂತ ಮುದುಕಪ್ಪ' ಆಗಿತ್ತು. ಒಂದು ಮಧ್ಯಾಹ್ನ ನಾನು ಅವಳ ಬಳಿ ಹೋಗಿ, "ಆಯಾ, ನನ್ನಿಂದ ತಪ್ಪಾತು," ಎಂದೆ. "ತಪ್ಪು ಮಾಡಿದಾಕಿ ದಂಡ ಕೊಡಬೇಕು. ದಿನಾ ಒಂದು ಇಂಗ್ಲಿಷ್ ಅಕ್ಷರ ಕಲಿಸು," ಎಂದಳು. ಉರ್ದು ಶಾಲೆಯನ್ನು ಎರಡನೆಯ ಕ್ಲಾಸಿಗೇ ಬಿಟ್ಟವಳು. ಊಟದ ಬಿಡುವಿನಲ್ಲಿ ನಾನು ಬರೆದುಕೊಟ್ಟ ಅಕ್ಷರ ತಿದ್ದುತ್ತಿದ್ದಳು. ನಾನು 'ಎಸ್' ಅನ್ನು ಬಹಳ ದಿನ ತಿರುಗುಮುರುಗಾಗಿ ಬರೆಯುತ್ತಿದ್ದೆ. ಅವಳೂ ಹಾಗೆಯೇ ಕಲಿತಳು. ನನಗೆ ಮಿಸ್ ತಿದ್ದಿದರು, ಅವಳಿಗೆ ನಾನು ತಿದ್ದಿದೆ.

ನಾನು ನಾಲ್ಕನೆಯ ಕ್ಲಾಸು ಮುಗಿಸಿ ಆ ಶಾಲೆ ಬಿಡುವ ಹೊತ್ತಿಗೆ ಅವಳು ಮಿಸ್ ಹತ್ತಿರ ಓದಿಕೊಂಡು, ಏಳನೆಯ ಕ್ಲಾಸಿನ ಪರೀಕ್ಷೆಗೆ ಖಾಸಗಿಯಾಗಿ ಕೂತು ಪಾಸಾಗಿದ್ದಳು. ಹೊಸದಾಗಿ ಸೇರಿದ ಮಕ್ಕಳು ಅವಳನ್ನು ಹುಸೇನ್‌ಬಿ ಮಿಸ್ ಎನ್ನುತ್ತಿದ್ದರು. ಮುಂದೆ ಎಷ್ಟೋ ವರ್ಷ ಅವಳು ಪುಟ್ಟ ಮಕ್ಕಳ ಕ್ಲಾಸು ನಡೆಸಿದಳು. ತೊಂಬತ್ತರ ದಶಕದ ಕೊನೆಗೆ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, ನಾನು ಶಿಕ್ಷಕರ ತರಬೇತಿಗೆ ಸೇರಿದ್ದೇನೆಂದು ಕೇಳಿ ನನ್ನ ಗದ್ದ ಹಿಡಿದು, "ನನ್ನ ಉಸ್ತಾದ ನೀನ ಅಲ್ಲೇನ ಬೇಟಿ," ಎಂದಳು. ಜನರೆದುರು ನನಗೆ ಅಳು ಬಂತು.

ಈ ವರ್ಷ ನಮ್ಮ ಸರ್ಕಾರಿ ಶಾಲೆಯಲ್ಲೂ ಇಂಗ್ಲಿಷ್ ವಿಭಾಗ ಶುರುವಾಗಿದೆ. ಒಂದನೆಯ ತರಗತಿ ನನ್ನದು. ಎರಡು ವಾರ ನಾನು ಬರೀ ಇಂಗ್ಲಿಷಿನಲ್ಲೇ ಪಾಠ ಮಾಡಿದೆ. ಮಕ್ಕಳು ಬರೀ ನನ್ನ ಮುಖ ನೋಡಿದರು. ಟೈ ಅಂಗಡಿಗೆ ಹೋಗಿ ಬಂದ ಮರುದಿನ ಪುಸ್ತಕ ಮುಚ್ಚಿಟ್ಟು ಅವರ ನಡುವೆ ಚಾಪೆ ಹಾಸಿ ಕೂತು, "ನಿನ್ನೆ ಹೊಲದಾಗ ಏನೇನು ನೋಡೀರಿ, ಹೇಳ್ರಿ," ಎಂದೆ. ಬಳಗಾನೂರಿನಿಂದ ಬರುವ, ಇದುವರೆಗೆ ತುಟಿ ಎರಡು ಮಾಡದ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್, ಗದ್ದ್ಯಾಗ ಬೆಳ್ಳಕ್ಕಿ ಇಳದಿದ್ವು ರೀ. ಇಂಗ್ಲಿಷಿನ್ಯಾಗ ಅದಕ್ಕೇನಂತಾರ್ರಿ?"

ನನಗೆ ಗೊತ್ತಿರಲಿಲ್ಲ. ದಿನವೂ ಕಾಣುವ ಹಕ್ಕಿ, ಎಂದೂ ಕೇಳಿಕೊಂಡಿರಲಿಲ್ಲ.

"ನನಗೂ ಗೊತ್ತಿಲ್ಲವ್ವಾ," ಎಂದೆ. "ಬಾ, ಇಬ್ಬರೂ ಹುಡುಕೂಣು."