ಸ್ಪೆಲಿಂಗ್ ಕೇಳಿ ತಿರುಗಿದ ಕುರಿಗಳು

ಬಿಳಿಚೋಡು ಕಡೆಯ ಒಂದು ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕ. ಇಂಗ್ಲಿಷ್ ಸ್ಪೆಲಿಂಗನ್ನು ನನ್ನಂಗೆ ಕಲಿಸೋರು ಇಡೀ ಜಗಳೂರು ತಾಲೂಕಿನಲ್ಲೇ ಇಲ್ಲ. ಕೊನೆಯ 'ಇ' ತಾನು ಸುಮ್ಮನಿದ್ದು ಹಿಂದಿನ ಸ್ವರದ ದನಿ ಬದಲಿಸುತ್ತೆ ಅನ್ನೋ ನಿಯಮವನ್ನು ಕೂಗಿಸಿ ಕೂಗಿಸಿಯೇ ಬಾಯಿಪಾಠ ಮಾಡಿಸಿದ್ದೆ. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ ನಾಲ್ಕನೇ ಕ್ಲಾಸಿನ ರತ್ನ ವಾರದಿಂದ ನಾಪತ್ತೆ. ಕುರಿ ಕಾಯಾಕೆ ಕಳಿಸ್ತಿದ್ದಾರೆ ಅಂತ ಗೊತ್ತಾಗಿ ಬೈಕು ಹತ್ತಿ ಹೊಲಕ್ಕೇ ಹೋದೆ. ರತ್ನ, ಅವಳ ತಾಯಿ ಇಬ್ಬರೂ ಮಂದೆಯ ಹಿಂದಿದ್ದರು.

"ಶಾಲೆ ಬಿಡಿಸಬ್ಯಾಡ್ರಿ ಅಕ್ಕಾ, ಅವಳನ್ನ ನನ್ನಂಗೇ ಮಾಡ್ತೀನಿ" ಅಂದೆ.

"ನಿಮ್ಮಂಗೆ ಬರೀ ಮಾತು ಕಲಿತ್ರೆ ಕುರಿ ಕಾಯೋರು ಯಾರ್ರೀ ಮೇಷ್ಟ್ರೇ?" ಅಂದಳು ಅವಳ ತಾಯಿ.

ಅಷ್ಟರಲ್ಲಿ ಮಂದೆ ಪಕ್ಕದವರ ಮೆಕ್ಕೆಜೋಳಕ್ಕೆ ನುಗ್ಗಿತು. ತಾಯಿ ಗಂಟಲು ಹರಿಯುವಂತೆ ಕೂಗಿದಳು, ಒಂದೂ ತಿರುಗಲಿಲ್ಲ. ರತ್ನ "ಸಿ ಎ ಕೆ ಇ, ಕೇಕ್!" ಅಂತ ಅರಚಿದಳು. ಅಷ್ಟೂ ಕುರಿ ತಿರುಗಿ ಬಂದವು.

"ನೋಡ್ರಿ, ವಾರದಿಂದ ಇದನ್ನೇ ಕೂಗಿ ಕುರಿ ಕೆಡಿಸ್ಯಾಳೆ. ನನ್ನ ಮಾತೇ ಕೇಳಲ್ಲ ಅವು. ನಾಳೆಯಿಂದ ಇವಳನ್ನ ನೀವೇ ಇಟ್ಕಳ್ರಿ!" ಅಂದಳು ತಾಯಿ.

ರತ್ನ ಈಗ ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ಅವಳ ತಾಯಿ ಶಾಲೆ ಹಿಂದಿನ ಬಯಲಲ್ಲಿ ಕುರಿ ಮೇಯಿಸುತ್ತಾ ನಮ್ಮ ಕೂಗನ್ನು ಕಲಿಯುತ್ತಿದ್ದಾಳೆ. ಮಂದೆ ತಿರುಗಿಸಾಕೆ ಬೇರೆ ದಾರಿಯೇ ಇಲ್ಲವಲ್ಲ. ಕುರಿಗಳನ್ನೂ ಸೇರಿಸಿಕೊಂಡರೆ, ತಾಲೂಕಿಗೆಲ್ಲ ನನ್ನದೇ ದೊಡ್ಡ ಕ್ಲಾಸು.