ವಿದುರಾಶ್ವತ್ಥದಲ್ಲಿ ನನ್ನ ಹೆಸರಿನ ಕಲ್ಲು

ಬೆಳಗ್ಗೆ ನಮ್ಮ ಬೀದಿಯ ಅರಳಿಕಟ್ಟೆಯಲ್ಲಿ ಯಾರೋ ನಾಗರಕಲ್ಲಿಗೆ ಹಾಲೆರೆಯುತ್ತಿದ್ದರು. ಹಾಲು, ಅರಿಶಿನ ಬೆರೆತ ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಈ ವಯಸ್ಸಿನಲ್ಲೂ ಎರಡು ಹೆಜ್ಜೆ ಹಿಂದೆ ಸರಿದೆ.

ಚಿಕ್ಕವನಿದ್ದಾಗ ಮನೆಯವರೆಲ್ಲ ಚಿಂತಾಮಣಿಯಿಂದ ವಿದುರಾಶ್ವತ್ಥಕ್ಕೆ ಹೋಗಿದ್ದೆವು. ಹೈಸ್ಕೂಲು ಮೇಷ್ಟರಾಗಿದ್ದ ಸೋದರಮಾವ ನನ್ನನ್ನು ಮೊದಲು ಚಿತ್ರಶಾಲೆಗೆ ಎಳೆದೊಯ್ದರು. ಸ್ವಾತಂತ್ರ್ಯಕ್ಕಾಗಿ ಬಾವುಟ ಹಿಡಿದು ಅದೇ ಊರಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಚಿತ್ರಗಳು ಅಲ್ಲಿದ್ದವು. ಮಾವನಿಗೆ ಅದು ಇತಿಹಾಸ, ನನಗೋ ಉಸಿರಾಡುವುದೇ ಪ್ರಯಾಸ.

ಹೊರಬಂದರೆ ಮರದ ಕೆಳಗೆ ಸಾಲುಸಾಲು ನಾಗರಕಲ್ಲು! ಗುಂಡೇಟಿಗೆ ಬಿದ್ದವರಿಗೆಲ್ಲ ಒಂದೊಂದು ನೆಟ್ಟಿದ್ದಾರೆಂದು ನಾನೇ ತೀರ್ಮಾನಿಸಿಬಿಟ್ಟೆ. ಅಷ್ಟರಲ್ಲಿ ಅಜ್ಜಿ ಹೊಸ ಕಲ್ಲೊಂದಕ್ಕೆ ಅರಿಶಿನ ಬಳಿಯುತ್ತಾ ಕರೆದರು: "ಬಾ ನಾಯನಾ, ಇದು ನಿನ್ನ ಹೆಸರಿಂದು."

ಆ ಕಲ್ಲಿನೆದುರು ನಾನು ನೀರಾದೆ. "ನಾನು ಬಾವುಟ ಮುಟ್ಟೇ ಇಲ್ಲ ಅಜ್ಜಿ! ಪೊಲೀಸ್ರಿಗೆ ಹೇಳು!" ಎಂದು ಅವರ ಸೆರಗು ಹಿಡಿದು ಚೀರಿದೆ.

"ಲೋ, ಆಗಸ್ಟ್ ಹದಿನೈದಕ್ಕೆ ಬಾವುಟಕ್ಕಿಂತ ಮುಂಚೆ ಮಿಠಾಯಿಗೆ ಓಡೋನು ನೀನೇ ಅಲ್ವೇನೋ?" ಎಂದು ಮಾವ ನಕ್ಕರು.

ಅಜ್ಜಿ ನಗಲಿಲ್ಲ. ಅರಿಶಿನದ ಕೈಯಲ್ಲೇ ನನ್ನ ಕಣ್ಣೊರೆಸಿ, "ಸತ್ತೋರಿಗಲ್ಲ ಕಣಪ್ಪ, ಬದುಕೋರಿಗೆ ಇಡೋ ಕಲ್ಲು. ದೋಷ ಕಳೀಲಿ, ನಿನ್ನ ಆಯಸ್ಸು ಗಟ್ಟಿ ಆಗ್ಲಿ ಅಂತ" ಎಂದರು. ಆಗ ಭಯ ಇಳಿಯಿತು.

ಇವತ್ತು ಮಧ್ಯಾಹ್ನ ಮಗಳನ್ನು ಕರೆದುಕೊಂಡು ಅಲ್ಲಿಗೇ ಹೋದೆ. ಗುಂಡೇಟಿಗೆ ಬಿದ್ದವರ ಚಿತ್ರದ ಮುಂದೆ ನಿಂತಾಗ ಅನ್ನಿಸಿತು, ಇವರೂ ಸುತ್ತಮುತ್ತಲ ಊರಿನವರೇ. ಇವರ ಹೆಸರಿನಲ್ಲೂ ಎಷ್ಟು ಅಜ್ಜಿಯರು ಆ ಮರದಡಿ ಕಲ್ಲಿಟ್ಟಿದ್ದರೋ! ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.